ಚಿಹ್ನೆಗಳ ಗುಪ್ತಲಿಪಿ ಬಿಡಿಸುವ ಬಗೆ: ಕನ್ನಡದ ಒಗಟಿಗೆ ಕನ್ನಡದ್ದೇ ದಾರಿ

ಚುಕ್ಕಿ, ತ್ರಿಕೋನ, ನಕ್ಷತ್ರಗಳಲ್ಲಿ ಬರೆದ ಗುಪ್ತ ಸಂದೇಶವೊಂದು ಕೈಗೆ ಸಿಕ್ಕರೆ ಹೆಚ್ಚಿನವರು ಇಂಗ್ಲಿಷಿನವರು ಹೇಳಿಕೊಟ್ಟ ಸೂತ್ರ ಹಿಡಿದು ಕೂಡುತ್ತಾರೆ. ಅತಿ ಹೆಚ್ಚು ಸಲ ಬಂದ ಚಿಹ್ನೆ ಇಂಗ್ಲಿಷಿನ ‘ಇ’ (e) ಇರಬೇಕು, ಮೂರು ಚಿಹ್ನೆಯ ಪದ ‘ದಿ’ (the) ಇರಬೇಕು ಅನ್ನೋ ಲೆಕ್ಕ ಅದು. ಕನ್ನಡದ ಸಂದೇಶಕ್ಕೆ ಈ ಲೆಕ್ಕ ತಾಳೆಯಾಗುವುದಿಲ್ಲ. ಕನ್ನಡ ತನ್ನ ಗುಟ್ಟು ಬಿಟ್ಟುಕೊಡುವುದು ಪದದ ಕೊನೆಯಲ್ಲಿ: ವಿಭಕ್ತಿ ಪ್ರತ್ಯಯ, ಸಂಧಿ, ಒತ್ತಕ್ಷರ. ಸಾಲೆಯಲ್ಲಿ ಕಲಿತ ವ್ಯಾಕರಣ ಅಷ್ಟಿಷ್ಟು ನೆನಪಿದ್ದರೆ ಸಾಕು, ಕಂಪ್ಯೂಟರ್ ಬೇಕಿಲ್ಲ.

ಬ್ಯಾಸಗಿ ಸೂಟಿಗೆ ಊರಿಗೆ ಬಂದ ಮನೆಯ ಹುಡುಗರಿಗಾಗಿ ನಾನು ಬರೆದುಕೊಟ್ಟ ಒಗಟನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನಮ್ಮದು ಬಾಗಲಕೋಟೆ ಜಿಲ್ಲೆ. ಹುಡುಗರು ಹುಡುಕಬೇಕಾದ ವಸ್ತುವೂ ಇಲ್ಲಿಯದೇ. ನೀವೂ ಪೆನ್ಸಿಲ್ ಹಿಡಿದು ಜೊತೆಗೆ ಬಿಡಿಸುತ್ತಾ ಹೋಗಿ.

□★☆★◇●  ○●△●○●▲▲■  ♠▲●○●  ✚●☆●

■○★  ✚●☆●○●  ●△■◇●▲▲■  □●▲▲♣

■○★  □●▲▲■♥●  □★☀●☾★  △●◆◆■

■○★  △●◆◆■◇●▲▲■  ◆★▲▲●  ■○★

ಒಟ್ಟು 16 ಪದಗಳಿವೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ 1ರಿಂದ 16ರ ತನಕ ಅಂಕಿ ಹಾಕಿಕೊಳ್ಳಿ. ಮುಂದೆ ‘7ನೇ ಪದ’ ಎಂದರೆ ಈ ಎಣಿಕೆಯ ಪ್ರಕಾರ.

ಮೊದಲು ನಕಲು

ಮೂಲ ಹಾಳೆಯ ಮೇಲೆ ಗೀಚಬೇಡಿ. ಗಣಿತದ ಚೌಕಳಿ ನೋಟ್‌ಬುಕ್ಕಿನಲ್ಲಿ ಒಂದು ಮನೆಗೆ ಒಂದು ಚಿಹ್ನೆಯಂತೆ ಇಳಿಸಿಕೊಳ್ಳಿ. ಪ್ರತಿ ಸಾಲಿನ ಕೆಳಗೆ ಎರಡು ಸಾಲು ಖಾಲಿ ಇರಲಿ: ಒಂದು ಖಚಿತವಾದ ಅಕ್ಷರಕ್ಕೆ, ಇನ್ನೊಂದು ಬರೀ ಊಹೆಗೆ. ಊಹೆ ಮತ್ತು ಖಚಿತ ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿ ಬರೆಯುವುದರಿಂದಲೇ ಮುಕ್ಕಾಲು ಪಾಲು ಒಗಟುಗಳು ಅರ್ಧಕ್ಕೆ ನಿಲ್ಲುತ್ತವೆ.

ಇಳಿಸುವಾಗ ತುಂಬಿದ ಚುಕ್ಕಿ ಮತ್ತು ಖಾಲಿ ಚುಕ್ಕಿಯ ವ್ಯತ್ಯಾಸ, ತುಂಬಿದ ತ್ರಿಕೋನ ಮತ್ತು ಖಾಲಿ ತ್ರಿಕೋನದ ವ್ಯತ್ಯಾಸ ನೋಡಿಕೊಳ್ಳಿ. ಕೈಬರಹದ ಒಗಟಿನಲ್ಲಿ ಇವು ಸುಲಭವಾಗಿ ಕಲಸಿಹೋಗುತ್ತವೆ. ಅನುಮಾನ ಬಂದರೆ ಎರಡನ್ನೂ ಬೇರೆ ಚಿಹ್ನೆ ಎಂದೇ ಇಟ್ಟುಕೊಳ್ಳಿ. ಆಮೇಲೆ ಒಂದುಗೂಡಿಸುವುದು ಸುಲಭ, ಒಡೆಯುವುದು ಕಷ್ಟ.

ಇನ್ನೊಂದು ಮಾತು. ಬೆಳಗಾವಿ ಕಡೆಯ ಹಳೇ ಮನೆಗಳ ಟ್ರಂಕಿನಲ್ಲಿ ಸಿಗುವ, ತಲೆಗೆರೆ ಎಳೆದು ಸರಸರ ಬರೆದ ಕಾಗದಗಳನ್ನು ಗುಪ್ತಲಿಪಿ ಎಂದುಕೊಳ್ಳಬೇಡಿ. ಅವು ಬಹುಮಟ್ಟಿಗೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯವು. ಮೋಡಿಯನ್ನು ಯಾರಿಂದಲೂ ಮುಚ್ಚಿಡಲು ಬಳಸಿದ್ದಲ್ಲ, ದಿನದ ವ್ಯವಹಾರಕ್ಕೆ ಬಳಸಿದ್ದು. ಅದನ್ನು ಓದಬಲ್ಲವರ ಹತ್ತಿರ ಒಯ್ದರೆ ಮುಗಿಯಿತು.

ಒಂದು ಚಿಹ್ನೆ ಎಂದರೆ ಎಷ್ಟು?

ಕನ್ನಡದ ಒಗಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ‘ಲ್ಲಿ’ ಎಂಬುದನ್ನು ಒಬ್ಬರು ಒಂದೇ ಚಿಹ್ನೆಯಲ್ಲಿ ಬರೆಯಬಹುದು. ಇನ್ನೊಬ್ಬರು ಲ್, ಲ್, ಇ ಎಂದು ಬಿಡಿಸಿ ಮೂರು ಚಿಹ್ನೆ ಹಾಕಬಹುದು. ಮೊದಲನೆಯದು ಅಕ್ಷರದ ಲೆಕ್ಕ, ಎರಡನೆಯದು ವರ್ಣದ ಲೆಕ್ಕ. ಮೂರನೇ ಬಗೆಯೂ ಇದೆ: ವ್ಯಂಜನಕ್ಕೆ ಒಂದು ಚಿಹ್ನೆ, ಕಾಗುಣಿತಕ್ಕೆ ಅದರ ತಲೆಯ ಮೇಲೋ ಪಕ್ಕದಲ್ಲೋ ಒಂದು ಗುರುತು. ಇದನ್ನು ನೋಡಿದ ಕೂಡಲೇ ಗುರುತಿಸಬಹುದು, ಯಾಕೆಂದರೆ ಒಂದೇ ಆಕೃತಿ ಬೇರೆ ಬೇರೆ ಚುಕ್ಕಿ ಗೆರೆ ಹೊತ್ತುಕೊಂಡು ಮತ್ತೆ ಮತ್ತೆ ಬರುತ್ತದೆ.

ಮೊದಲ ಎರಡು ಬಗೆಗಳನ್ನು ಬೇರ್ಪಡಿಸಲು ಎಣಿಕೆ ಬೇಕು. ಒಟ್ಟು ಚಿಹ್ನೆ ಎಷ್ಟು, ಅದರಲ್ಲಿ ಬೇರೆ ಬೇರೆ ಚಿಹ್ನೆ ಎಷ್ಟು ಎಂದು ನೋಡಿ. ನಮ್ಮ ಒಗಟಿನಲ್ಲಿ ಒಟ್ಟು 88 ಚಿಹ್ನೆ, ಬೇರೆ ಬೇರೆಯವು 16 ಮಾತ್ರ. ಅಂದರೆ ಒಂದೊಂದು ಚಿಹ್ನೆ ಸರಾಸರಿ ಐದಕ್ಕಿಂತ ಹೆಚ್ಚು ಸಲ ಬಂದಿದೆ. ಇದು ವರ್ಣದ ಲೆಕ್ಕ. ಇದೇ ಸಂದೇಶವನ್ನು ಅಕ್ಷರದ ಲೆಕ್ಕದಲ್ಲಿ ಬರೆದಿದ್ದರೆ ಒಟ್ಟು 43 ಚಿಹ್ನೆ, ಬೇರೆ ಬೇರೆಯವು 22 ಆಗುತ್ತಿದ್ದವು. ಒಂದೊಂದು ಚಿಹ್ನೆ ಎರಡು ಸಲವೂ ಸರಿಯಾಗಿ ಬರುತ್ತಿರಲಿಲ್ಲ. ಈ ಅಂತರ ಯಾವ ಕನ್ನಡ ಸಂದೇಶದಲ್ಲೂ ಎದ್ದು ಕಾಣುತ್ತದೆ.

ಇನ್ನೊಂದು ಪರೀಕ್ಷೆ ಜೋಡಿ ಚಿಹ್ನೆಗಳದು. ಒಂದೇ ಚಿಹ್ನೆ ಅಕ್ಕಪಕ್ಕ ಎರಡು ಸಲ ಬರುವುದು (▲▲, ◆◆) ವರ್ಣದ ಲೆಕ್ಕದಲ್ಲಿ ಸರ್ವೇಸಾಮಾನ್ಯ, ಯಾಕೆಂದರೆ ಕನ್ನಡದ ತುಂಬ ಸಜಾತೀಯ ಒತ್ತಕ್ಷರಗಳೇ: ಲ್ಲ, ತ್ತ, ನ್ನ, ದ್ದ, ಟ್ಟ, ಕ್ಕ, ಳ್ಳ. ಅಕ್ಷರದ ಲೆಕ್ಕದಲ್ಲಿ ಹಾಗೆ ಜೋಡಿ ಬರುವುದು ಅಪರೂಪ.

ಕೊನೆಯ ಚಿಹ್ನೆಗಳನ್ನು ಹಿಡಿಯಿರಿ

ಇಂದಿನ ಕನ್ನಡದ ಪದಗಳು ಸ್ವರದಲ್ಲಿ ಕೊನೆಯಾಗುತ್ತವೆ. ಬೇರೆ ಭಾಷೆಯ ಪದ ಬಂದರೂ ನಾವು ಬಸ್ಸು, ಕಾರು, ಪೆನ್ನು ಎಂದು ಕೊನೆಗೊಂದು ಉಕಾರ ಅಂಟಿಸಿಯೇ ಬಿಡುತ್ತೇವೆ. ವರ್ಣದ ಲೆಕ್ಕದ ಒಗಟಿಗೆ ಇದಕ್ಕಿಂತ ದೊಡ್ಡ ವರ ಇನ್ನೊಂದಿಲ್ಲ, ಏಕೆಂದರೆ ಪದಗಳ ಕೊನೆಯ ಚಿಹ್ನೆಗಳನ್ನು ಒಟ್ಟು ಹಾಕಿದರೆ ಸ್ವರಗಳ ಪಟ್ಟಿ ಸಿದ್ಧ.

ನಮ್ಮ 16 ಪದಗಳ ಕೊನೆ ನೋಡಿ. ● 6 ಸಲ, ★ 5 ಸಲ, ■ 4 ಸಲ, ♣ ಒಂದು ಸಲ. ಬೇರೆ ಯಾವುದೂ ಇಲ್ಲ. 16 ಚಿಹ್ನೆಗಳಲ್ಲಿ ನಾಲ್ಕು ಸ್ವರಗಳು ಒಂದೇ ಏಟಿಗೆ ಬೇರೆಯಾದವು. ಕನ್ನಡ ಪದಗಳ ಕೊನೆಗೆ ಹೆಚ್ಚಾಗಿ ಬರುವ ಸ್ವರಗಳೂ ನಾಲ್ಕೇ: ಅ, ಇ, ಉ, ಎ. ಯಾವುದು ಯಾವುದೆಂದು ಇನ್ನೂ ಗೊತ್ತಿಲ್ಲ, ಆದರೆ ಮನೆಯೊಳಗೆ ಕಾಲಿಟ್ಟಂತಾಯಿತು.

ಪಟ್ಟಿ ಸರಿಯಿದೆಯೇ ಎಂದು ತಕ್ಷಣ ತಾಳೆ ನೋಡಿ. ಕನ್ನಡದಲ್ಲಿ ಒಂದೇ ಪದದೊಳಗೆ ಎರಡು ಸ್ವರಗಳು ಅಕ್ಕಪಕ್ಕ ಕೂಡುವುದಿಲ್ಲ, ನಡುವೆ ಯಕಾರವೋ ವಕಾರವೋ ಬಂದು ಸೇರುತ್ತದೆ, ಇಲ್ಲವೇ ಒಂದು ಸ್ವರ ಲೋಪವಾಗುತ್ತದೆ. ನಮ್ಮ ಸಂದೇಶದಲ್ಲಿ ●, ★, ■, ♣ ಎಲ್ಲಿಯೂ ಒಂದಕ್ಕೊಂದು ತಾಗಿಲ್ಲ. ಪಟ್ಟಿ ಗಟ್ಟಿಯಾಯಿತು.

ಈ ನಿಯಮ ಕೈಕೊಡುವ ಜಾಗಗಳೂ ಇವೆ. ಒಗಟು ಕಟ್ಟಿದವರು ‘ಗೇಟ್’, ‘ಸ್ಕೂಲ್’ ಎಂದು ಹಾಗೆಯೇ ಬರೆದಿದ್ದರೆ ಒಂದೆರಡು ವ್ಯಂಜನ ಪಟ್ಟಿಗೆ ನುಸುಳುತ್ತದೆ. ಹಳಗನ್ನಡದ ಸಾಲು ಬಳಸಿದ್ದರಂತೂ ನಿಯಮವೇ ಬೀಳುತ್ತದೆ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ‘ಮಾಧುರ್ಯಂ’ ಎಂದು ಸೊನ್ನೆಯಲ್ಲಿ ಮುಗಿಯುವ ರೂಪವಿದೆ. ಆಗಿನ ಕನ್ನಡದಲ್ಲಿ ಅಂಥವು ಬೇಕಾದಷ್ಟು.

ಎಣಿಕೆ

ಈಗ ಎಲ್ಲವನ್ನೂ ಎಣಿಸಿ. ● 21, ▲ 13, ■ 11, ★ 9, ○ 8, ◆ 5, △ ಮತ್ತು □ ತಲಾ 4, ☆ ಮತ್ತು ◇ ತಲಾ 3, ✚ 2. ಉಳಿದ ♠ ♣ ♥ ☀ ☾ ಒಂದೊಂದೇ.

ಎಣಿಸಿ ಗುಪ್ತಲಿಪಿ ಒಡೆಯುವ ಈ ಉಪಾಯವನ್ನು ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿ ಬರೆದಿಟ್ಟ. ಅದೇ ಭಾಷೆಯ ಬೇರೊಂದು ಬರಹ ತೆಗೆದುಕೊಂಡು ಅದರಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ನೋಡು, ಆಮೇಲೆ ಗುಪ್ತಲಿಪಿಯ ಚಿಹ್ನೆಗಳ ಎಣಿಕೆಯೊಡನೆ ಹೋಲಿಸು ಎಂಬುದು ಅವನ ಮಾತಿನ ಸಾರ. ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಪರೀಕ್ಷಿಸುವೆ ಎಂದು ಹೊರಟರೆ ಆಯುಷ್ಯ ಸಾಲದು. ಇಂಗ್ಲಿಷಿನ 26 ಅಕ್ಷರಗಳನ್ನು ಅದಲುಬದಲು ಮಾಡುವ ಬಗೆಗಳೇ 4ರ ಮುಂದೆ 26 ಸೊನ್ನೆ ಬರೆದಷ್ಟು. ಕನ್ನಡದ ವರ್ಣಮಾಲೆ ಅದಕ್ಕಿಂತ ಉದ್ದ.

ಕನ್ನಡವನ್ನು ವರ್ಣಗಳಾಗಿ ಬಿಡಿಸಿದಾಗ ಎಲ್ಲಕ್ಕಿಂತ ಮುಂದೆ ನಿಲ್ಲುವುದು ಅಕಾರ. ಬರೆಯುವಾಗ ಅದು ಕಣ್ಣಿಗೆ ಬೀಳುವುದಿಲ್ಲ, ‘ಮರ’ ಎಂಬುದರಲ್ಲಿ ಎರಡು ಅಕಾರಗಳು ವ್ಯಂಜನದೊಳಗೆ ಅಡಗಿವೆ. ನಂಬಿಕೆ ಬರದಿದ್ದರೆ ಇವತ್ತಿನ ಪತ್ರಿಕೆಯ ಒಂದು ಪ್ಯಾರಾ ಬಿಡಿಸಿ ನೋಡಿ. ಹಾಗಾಗಿ ಅತಿ ಹೆಚ್ಚು ಬಂದ ಚಿಹ್ನೆ ●, ಮತ್ತು ಅದು ಸ್ವರ ಎಂಬುದು ಮೊದಲೇ ಗೊತ್ತಾಗಿದೆ. ● ಎಂದರೆ ಅ. ಖಚಿತದ ಸಾಲಿನಲ್ಲಿ ಬರೆಯಿರಿ.

ಎಣಿಕೆಯ ಕೆಲಸ ಇಲ್ಲಿಗೆ ಬಹುತೇಕ ಮುಗಿಯಿತು. ಎರಡನೇ, ಮೂರನೇ ಸ್ಥಾನದ ಚಿಹ್ನೆಗಳನ್ನೂ ಎಣಿಕೆಯಿಂದಲೇ ಗುರುತಿಸಲು ಹೋಗಬೇಡಿ. ಇಷ್ಟು ಚಿಕ್ಕ ಸಂದೇಶದಲ್ಲಿ ಒಂದು ಪದ ನಾಲ್ಕು ಸಲ ಬಂದರೂ ಕ್ರಮ ಏರುಪೇರಾಗುತ್ತದೆ.

ಪ್ರತ್ಯಯದ ಬೇಟೆ

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದು ಪದದ ಕೊನೆ ನೋಡಿಯೇ. ಸಾಂಚಿಯ ಸ್ತೂಪದ ಸುತ್ತಲಿನ ಚಿಕ್ಕ ಚಿಕ್ಕ ಬರಹಗಳು ಬಹುಪಾಲು ಅವೇ ಎರಡು ಅಕ್ಷರಗಳಲ್ಲಿ ಮುಗಿಯುವುದು ಅವನ ಕಣ್ಣಿಗೆ ಬಿತ್ತು. ಭಕ್ತರು ಕೊಟ್ಟ ಕಲ್ಲು ಕಂಬಗಳ ಮೇಲೆ ಏನು ಬರೆದಿರಬಹುದು? ‘ದಾನಂ’. ಆ ಒಂದು ಊಹೆಯಿಂದ ಎರಡು ವ್ಯಂಜನ, ಒಂದು ದೀರ್ಘದ ಗುರುತು, ಒಂದು ಅನುಸ್ವಾರ ಸಿಕ್ಕವು. ಉಳಿದ ಅಕ್ಷರಗಳಿಗೆ ಅದೇ ದಾರಿಯಾಯಿತು.

ನಮಗೆ ‘ದಾನಂ’ ಇದ್ದ ಹಾಗೆ ಏನಿದೆ? 2, 7, 14ನೇ ಪದಗಳ ಕೊನೆ ನೋಡಿ: ಮೂರೂ ●▲▲■ ಎಂದೇ ಮುಗಿದಿವೆ. ಅಕಾರ, ಒಂದು ಜೋಡಿ ವ್ಯಂಜನ, ಒಂದು ಸ್ವರ. ಕನ್ನಡದಲ್ಲಿ ಈ ಅಚ್ಚಿಗೆ ಕೂಡುವ ಪ್ರತ್ಯಯಗಳು ಎರಡು: ಸಪ್ತಮಿಯ ‘ಅಲ್ಲಿ’, ದ್ವಿತೀಯೆಯ ‘ಅನ್ನು’. ಯಾವುದು ಎಂದು 8ನೇ ಪದ ಹೇಳುತ್ತದೆ. ಅದರ ಕೊನೆ ●▲▲♣, ಅಂದರೆ ಅದೇ ಜೋಡಿ, ಸ್ವರ ಬೇರೆ. ಮೂರು ಸಲ ಬಂದದ್ದು ‘ಅನ್ನು’ ಆದರೆ ಈ ಪದ ‘ಅನ್ನಿ’, ‘ಅನ್ನೆ’ ಎಂದು ಮುಗಿಯಬೇಕು, ಅಂಥ ಹೆಸರುಪದ ಹುಡುಕಿದರೂ ಸಿಗುವುದು ಕಷ್ಟ. ‘ಅಲ್ಲಿ’ ಎಂದುಕೊಂಡರೆ 8ನೇ ಪದ ‘ಅಲ್ಲು’ ಎಂದು ಮುಗಿಯುತ್ತದೆ: ಕಲ್ಲು, ಹಲ್ಲು ಇಂಥ ಪದಗಳು ಸಾಲುಗಟ್ಟಿ ನಿಲ್ಲುತ್ತವೆ. ▲ ಎಂದರೆ ಲ್, ■ ಎಂದರೆ ಇ.

ಉಳಿದ ಸ್ವರಗಳು ★ ಮತ್ತು ♣. ಒಂದು ಎ, ಒಂದು ಉ ಎಂದು ತೋರುತ್ತದೆ. ಇಲ್ಲಿ ಆಗಮಸಂಧಿ ನೆರವಿಗೆ ಬರುತ್ತದೆ, ನನಗೆ ಈ ಒಗಟಿನಲ್ಲಿ ಅತಿ ಇಷ್ಟದ ಜಾಗ ಇದು. ◇ ಎಂಬ ಚಿಹ್ನೆ ಮೂರೇ ಸಲ ಬಂದಿದೆ. 7 ಮತ್ತು 14ನೇ ಪದಗಳಲ್ಲಿ ಇಕಾರಕ್ಕೂ ‘ಅಲ್ಲಿ’ಗೂ ನಡುವೆ ಬಂದಿದೆ. ಇಕಾರದ ಮುಂದೆ ‘ಅಲ್ಲಿ’ ಬಂದರೆ ಏನಾಗುತ್ತದೆ? ಬಾವಿ + ಅಲ್ಲಿ = ಬಾವಿಯಲ್ಲಿ. ಯಕಾರಾಗಮ. ಹಾಗಾಗಿ ◇ ಎಂದರೆ ಯ್. ಅದೇ ◇ ಮೊದಲ ಪದದಲ್ಲಿ ★ ಮತ್ತು ಅಕಾರದ ನಡುವೆ ಕೂತಿದೆ. ಉಕಾರದ ಮುಂದೆ ಯಕಾರ ಬರುವುದಿಲ್ಲ; ಗುರು + ಅನ್ನು = ಗುರುವನ್ನು, ಅಲ್ಲಿ ವಕಾರಾಗಮ. ಆದ್ದರಿಂದ ★ ಉಕಾರವಲ್ಲ, ಎಕಾರ. ಒಂದು ಸಂಧಿ ಸೂತ್ರದಿಂದ ಎರಡು ಚಿಹ್ನೆ ಖಚಿತವಾದವು.

ಈಗ ನಾಲ್ಕು ಸಲ ಬಂದ ಚಿಕ್ಕ ಪದ ■○★. ‘ಇ-ಏನೋ-ಎ’. ಸಂದೇಶದ ಕಟ್ಟಕಡೆಯ ಪದವೂ ಅದೇ. ಕನ್ನಡದಲ್ಲಿ ವಾಕ್ಯದ ಕೊನೆಗೆ ಬರುವುದು ಕ್ರಿಯಾಪದ. ಇದೆ. ○ ಎಂದರೆ ದ್.

ಸರಸರನೆ ತುಂಬುವ ಹಂತ

ಇಲ್ಲಿಂದ ಮುಂದೆ ಒಂದು ಪದ ಇನ್ನೊಂದನ್ನು ಎಳೆದು ತರುತ್ತದೆ. 3ನೇ ಪದ ‘♠ಲದ’. ಪದದ ಮೊದಲಿಗೆ ಬಂದು, ನೇರವಾಗಿ ಲಕಾರಕ್ಕೆ ತಾಗಿರುವ ♠ ಸ್ವರವೇ ಇರಬೇಕು: ಆಲದ. ಮುಂದಿನ ಪದ ‘✚ಅ☆ಅ’, ಅದೇ 6ನೇ ಪದದಲ್ಲಿ ದಕಾರ ಸೇರಿಸಿಕೊಂಡಿದೆ. ಆಲದ ಪಕ್ಕದಲ್ಲಿ ಬರುವುದು ಮರ, ಮರದ. ✚ ಮ್, ☆ ರ್.

ಮೊದಲ ಪದ ಈಗ ‘□ೆರೆಯ’. ಕೆರೆಯ, ತೆರೆಯ, ನೆರೆಯ ಮೂರೂ ಆಗಬಹುದು, ಊಹೆಯ ಸಾಲಿನಲ್ಲಿ ಮೂರನ್ನೂ ಬರೆಯಿರಿ. 8ನೇ ಪದ ‘□ಲ್ಲು’, 10ನೇ ಪದ ‘□ಲ್ಲಿ♥ಅ’. ಮೂರಕ್ಕೂ ಹೊಂದುವ ವ್ಯಂಜನ ಕಕಾರ ಒಂದೇ: ಕೆರೆಯ, ಕಲ್ಲು, ಕಲ್ಲಿನ. ♥ ನ್, ♣ ಉ.

11ನೇ ಪದ ‘ಕೆ☀ಅ☾ೆ’. ‘ಕಲ್ಲಿನ’ ಎಂಬುದರ ಮುಂದೆ ಬಂದದ್ದು ಕೆಳಗೆ. 2ನೇ ಪದ ‘ದ△ದಲ್ಲಿ’, 7ನೇ ಪದ ‘ಅ△ಿಯಲ್ಲಿ’: ದಡದಲ್ಲಿ, ಅಡಿಯಲ್ಲಿ. 12ನೇ ಪದ ‘ಡ◆◆ಿ’, ಡಬ್ಬಿ. ಆಗ 15ನೇ ಪದ ತಾನಾಗಿ ಓದಿಸಿಕೊಳ್ಳುತ್ತದೆ.

ಕೆರೆಯ ದಡದಲ್ಲಿ ಆಲದ ಮರ ಇದೆ. ಮರದ ಅಡಿಯಲ್ಲಿ ಕಲ್ಲು ಇದೆ. ಕಲ್ಲಿನ ಕೆಳಗೆ ಡಬ್ಬಿ ಇದೆ. ಡಬ್ಬಿಯಲ್ಲಿ ಬೆಲ್ಲ ಇದೆ.

(ಮಹಾಲಿಂಗಪುರದ ಪೇಟೆಯ ಬೆಲ್ಲ. ಅದನ್ನು ಇರುವೆ ಹತ್ತದಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟು ಬಚ್ಚಿಡಬೇಕು.)

ಪೂರ್ತಿ ಓದಿಸಿಕೊಂಡರೂ ಒಮ್ಮೆ ಹಿಂದಿರುಗಿ ತಾಳೆ ನೋಡಿ: ಒಂದು ಚಿಹ್ನೆಗೆ ಎರಡು ಅಕ್ಷರ ಬಿದ್ದಿದೆಯೇ, ಒಂದು ಅಕ್ಷರಕ್ಕೆ ಎರಡು ಚಿಹ್ನೆ ಬಿದ್ದಿದೆಯೇ. ಮಧ್ಯದಲ್ಲಿ ಎಲ್ಲಾದರೂ ‘ದ್ಕ್ಯ’ ಎಂಬಂಥ ಬಾಯಿಗೆ ಬಾರದ ಗುಂಪು ಹುಟ್ಟಿದರೆ, ಅಥವಾ ಳಕಾರ, ಣಕಾರ ಪದದ ಮೊದಲಿಗೆ ಬಂದು ನಿಂತರೆ, ಕಟ್ಟಕಡೆಗೆ ಬರೆದ ಊಹೆಯನ್ನು ಅಳಿಸಿ. ಎಲ್ಲವನ್ನೂ ಅಳಿಸುವುದು ಬೇಡ. ಊಹೆಯ ಸಾಲು ಬೇರೆ ಇಟ್ಟದ್ದು ಇದಕ್ಕೇ.

ನಮ್ಮ ಮಾತಿನಲ್ಲಿ ಬರೆದಿದ್ದರೆ?

ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಮಂದಿ ಒಗಟು ಕಟ್ಟಿದರೆ ಪುಸ್ತಕದ ಕನ್ನಡದಲ್ಲೇ ಬರೆಯುತ್ತಾರೆ ಎಂಬ ನಿಯಮವೇನಿಲ್ಲ. ಅದೇ ಸಂದೇಶ ಹೀಗಾಗಬಹುದು: ‘ಕೆರಿ ದಂಡ್ಯಾಗ ಆಲದ ಗಿಡ ಐತಿ. ಗಿಡದ ಬುಡಕ ಕಲ್ಲ ಐತಿ. ಕಲ್ಲಿನ ಕೆಳಗ ಡಬ್ಬಿ ಐತಿ. ಡಬ್ಬ್ಯಾಗ ಬೆಲ್ಲ ಐತಿ.’

ಬೇಟೆಯ ಜಾಗಗಳೆಲ್ಲ ಬದಲಾದವು ನೋಡಿ. ‘ಅಲ್ಲಿ’ ಮಾಯವಾಗಿ ‘ಆಗ’ ಬಂತು. ಕೆರೆ ಹೋಗಿ ಕೆರಿ, ಕೆಳಗೆ ಹೋಗಿ ಕೆಳಗ ಆದದ್ದರಿಂದ ಪದದ ಕೊನೆಯ ಎಕಾರ ಹೆಚ್ಚುಕಡಿಮೆ ಅಳಿದೇ ಹೋಯಿತು; ಕೊನೆಗಳಲ್ಲಿ ಉಳಿದದ್ದು ಅ ಮತ್ತು ಇ. ಹಾಗಾಗಿ ಕೊನೆಯ ಸ್ವರಗಳು ಎರಡೇ ಆಗಿ, ಅವುಗಳ ಎಣಿಕೆ ತೀರಾ ಹೆಚ್ಚಿದ್ದರೆ ಉತ್ತರ ಕರ್ನಾಟಕದ ಮಾತು ಎಂದು ಅನುಮಾನಿಸಿ. ‘ಆಗ’, ‘ಒಳಗ’, ‘ಮ್ಯಾಲ’, ‘ಐತಿ’, ‘ಅದಾವ’ ಇವುಗಳ ಅಚ್ಚು ಹುಡುಕಿ.

ಇದೆಯೂ ಮೂರು ವರ್ಣ, ಐತಿಯೂ ಮೂರು ವರ್ಣ. ಬೇರ್ಪಡಿಸುವುದು ಹೇಗೆ? ■○★ ಪದದ ಮೊದಲ ಚಿಹ್ನೆ ■ ಬೇರೆ ಪದಗಳ ಕೊನೆಗೂ ಬಂದಿತ್ತು. ಐಕಾರ ಕೈ, ಮೈಯಂಥ ಕೆಲವೇ ಪದಗಳ ಕೊನೆಗೆ ಬರುತ್ತದೆ. ಆದ್ದರಿಂದ ■ ಐಕಾರವಾಗಿರಲು ಸಾಧ್ಯವಿರಲಿಲ್ಲ. ಮೊದಲ ಚಿಹ್ನೆ ಬೇರೆಲ್ಲೂ ಕಾಣದೆ ಆ ಒಂದೇ ಪದದಲ್ಲಿ ಮತ್ತೆ ಮತ್ತೆ ಬಂದಿದ್ದರೆ ಐತಿ ಎಂದು ಓದಿ ನೋಡಬಹುದಿತ್ತು.

ಗಟ್ಟಿ ಒಗಟುಗಳು

ಪದಗಳ ನಡುವೆ ಜಾಗ ಬಿಡದೆ ಬರೆದಿದ್ದರೆ ಕೊನೆಯ ಚಿಹ್ನೆಯ ಉಪಾಯ ನೇರವಾಗಿ ನಡೆಯುವುದಿಲ್ಲ. ಆಗ ಮೊದಲು ಮತ್ತೆ ಮತ್ತೆ ಬರುವ ಮೂರು ನಾಲ್ಕು ಚಿಹ್ನೆಗಳ ಗುಂಪುಗಳಿಗೆ ಬಣ್ಣ ಬಳಿಯಿರಿ. ಜೋಡಿ ಚಿಹ್ನೆ ಇರುವ ಗುಂಪು ಪ್ರತ್ಯಯ ಇರಬಹುದು. ಅದು ಮುಗಿದಲ್ಲಿ ಗೆರೆ ಎಳೆದರೆ ಪದ ಅಲ್ಲಿಗೆ ಮುರಿಯುತ್ತದೆ. ಜೋಡಿಯಾದವು ವ್ಯಂಜನ, ಅವುಗಳ ಎರಡೂ ಪಕ್ಕದವು ಬಹುಮಟ್ಟಿಗೆ ಸ್ವರ, ಅಲ್ಲಿಂದ ಸ್ವರಗಳ ಪಟ್ಟಿ ಕಟ್ಟಿ.

ಅಕ್ಷರದ ಲೆಕ್ಕದ ಒಗಟಿಗೆ ಎಣಿಕೆ ಹೆಚ್ಚು ನೆರವಾಗದು. ನಮ್ಮ ಸಂದೇಶವನ್ನೇ ಹಾಗೆ ಬರೆದರೆ ದ, ಇ, ದೆ, ಲ್ಲಿ ನಾಲ್ಕೂ ಸಮಸಮ ನಾಲ್ಕು ಸಲ ಬರುತ್ತವೆ. ಅಲ್ಲಿ ಪದಗಳ ನಂಟು ನೋಡಬೇಕು: ‘ಮರ’ ಮತ್ತು ‘ಮರದ’, ‘ಡಬ್ಬಿ’ ಮತ್ತು ‘ಡಬ್ಬಿಯಲ್ಲಿ’. ಒಂದು ಪದ ಬಾಲ ಬೆಳೆಸಿಕೊಂಡು ಮತ್ತೆ ಬಂದಿದ್ದರೆ ಆ ಬಾಲವೇ ಪ್ರತ್ಯಯ. ಸಂದೇಶವೂ ಉದ್ದವಿರಬೇಕು.

ಕೆಲವರು ಅರ್ಥವಿಲ್ಲದ ಚಿಹ್ನೆಗಳನ್ನು ಬೇಕೆಂದೇ ನಡುನಡುವೆ ಎಸೆಯುತ್ತಾರೆ. ಸ್ಕಾಟ್ಲೆಂಡಿನ ರಾಣಿ ಮೇರಿ 1586ರಲ್ಲಿ, ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳನ್ನು ಕೊಲ್ಲುವ ಸಂಚು ಹೂಡಿದ್ದ ಆಂಥೋನಿ ಬ್ಯಾಬಿಂಗ್ಟನ್ ಜೊತೆ ಬರೆದುಕೊಂಡ ಪತ್ರಗಳಲ್ಲಿ ಅಂಥ ಹುಸಿ ಚಿಹ್ನೆಗಳೂ ಇದ್ದವು, ಇಡೀ ಪದಕ್ಕೆ ಒಂದೇ ಚಿಹ್ನೆಯೂ ಇತ್ತು. ಆದರೂ ಎಲಿಜಬೆತ್ ಕಡೆಯ ಗುಪ್ತಲಿಪಿ ನಿಪುಣ ಥಾಮಸ್ ಫೆಲಿಪ್ಸ್ ಬಿಡಿಸಿದ. ಮರುವರ್ಷ ಮೇರಿಗೆ ಮರಣದಂಡನೆಯಾಯಿತು. ಮನೆಯ ಒಗಟಿನಲ್ಲಿ ಹುಸಿ ಚಿಹ್ನೆ ಹಿಡಿಯುವ ಗುರುತು: ಅದು ಸ್ವರದ ಪಕ್ಕವೂ ವ್ಯಂಜನದ ಪಕ್ಕವೂ ಯಾವ ಕ್ರಮವಿಲ್ಲದೆ ಬರುತ್ತದೆ. ಅದನ್ನು ಬಿಟ್ಟು ಓದಿದರೆ ಪದ ಸರಿಹೋಗುತ್ತದೆ.

ನೀವೇ ಕಟ್ಟುವಾಗ

ಉದ್ದದ ಲೆಕ್ಕ ಮೊದಲು. ಇಂಗ್ಲಿಷಿನ ಇಂಥ ಗುಪ್ತಲಿಪಿಗೆ ಒಂದೇ ಉತ್ತರ ಉಳಿಯಬೇಕಾದರೆ ಸುಮಾರು 30 ಅಕ್ಷರ ಬೇಕು ಎಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ತೋರಿಸಿದ. ಅದು ಕಟ್ಟಕಡೆಯ ಮಿತಿ. ಕೈಯಲ್ಲಿ ಪೆನ್ಸಿಲ್ ಹಿಡಿದ ಹುಡುಗರಿಗೆ, ಅದೂ ಕನ್ನಡದಲ್ಲಿ, 80 ಚಿಹ್ನೆಗಿಂತ ಕಡಿಮೆ ಕೊಡಬೇಡಿ.

ಕೀಲಿಕೈಯ ಪಟ್ಟಿ ಮೊದಲೇ ಬರೆದಿಟ್ಟುಕೊಳ್ಳಿ. ಹ್ರಸ್ವ ದೀರ್ಘಕ್ಕೆ ಬೇರೆ ಚಿಹ್ನೆಯೇ, ಅನುಸ್ವಾರಕ್ಕೆ ತನ್ನದೇ ಚಿಹ್ನೆಯೇ ಅಥವಾ ನ್, ಮ್ ಎಂದು ಬಿಡಿಸುವಿರೇ ಎಂದು ತೀರ್ಮಾನಿಸಿ, ಕೊನೆಯ ತನಕ ಅದಕ್ಕೇ ಅಂಟಿಕೊಳ್ಳಿ. ಒಂದೇ ಪ್ರತ್ಯಯ ಎರಡು ಮೂರು ಸಲ ಬರುವಂತೆ, ಒಂದು ಹೆಸರುಪದ ಪ್ರತ್ಯಯವಿಲ್ಲದೆ ಒಮ್ಮೆ, ಪ್ರತ್ಯಯ ಹಚ್ಚಿಕೊಂಡು ಇನ್ನೊಮ್ಮೆ ಬರುವಂತೆ ವಾಕ್ಯ ಹೆಣೆಯಿರಿ. ಬರೆದಾದ ಮೇಲೆ ಪಟ್ಟಿ ನೋಡಿಕೊಂಡು ಬೇರೊಬ್ಬರಿಂದ ಒಮ್ಮೆ ಓದಿಸಿ. ಒಂದು ಚಿಹ್ನೆ ತಪ್ಪಿ ಬಿದ್ದಿದ್ದರೂ ಹುಡುಗರು ಇಡೀ ಮಧ್ಯಾಹ್ನ ಅದರ ಹಿಂದೆ ಬೀಳುತ್ತಾರೆ.

ಐದನೇ ಆರನೇ ಇಯತ್ತೆಯವರು ಕೂತಿದ್ದರೆ ‘ಪ್ರತಿ ಪದದ ಕೊನೆ ಸ್ವರ’ ಎಂಬ ಸುಳಿವನ್ನು ಮೊದಲೇ ಕೊಡಿ. ದೊಡ್ಡವರಿಗೆ ಒಂದು ತಾಸು ಕಳೆಯುವ ತನಕ ಏನೂ ಹೇಳಬೇಡಿ, ಆಮೇಲೆ ಬೇಕಾದರೆ ●▲▲■ ಮೇಲೆ ಬೆರಳಿಟ್ಟು ತೋರಿಸಿ.